ಬೆಂಗಳೂರಿನ ಪಾಟರಿ ಸ್ಟುಡಿಯೋಗಳು: ಕ್ಲಾಸ್ ನೋಡಬೇಡಿ, ಕಿಲ್ನ್ ನೋಡಿ

ಬೆಂಗಳೂರಿನಲ್ಲಿ ಪಾಟರಿ ಕ್ಲಾಸ್ ಹುಡುಕಲು ಒಂದು ಸಂಜೆ ಸಾಕು. ಇಂದಿರಾನಗರ, ಕೋರಮಂಗಲ, ಎಚ್‌ಎಸ್‌ಆರ್, ವೈಟ್‌ಫೀಲ್ಡ್, ಯಾವ ಕಡೆ ನೋಡಿದರೂ ಒಂದೆರಡು ಇವೆ. ಆದರೆ ಕ್ಲಾಸ್ ಮುಗಿದ ಮೇಲೂ ವಾರಕ್ಕೆರಡು ಸಲ ಹೋಗಿ ವೀಲ್ (ಕುಂಬಾರರ ಚಕ್ರ) ಮುಂದೆ ಕೂರಬೇಕು, ಮಾಡಿದ್ದನ್ನು ಇಡಲು ಒಂದು ಹಲಗೆ ಬೇಕು, ಅದನ್ನು ಸುಡಲು ಕಿಲ್ನ್ (ಮಡಕೆ ಸುಡುವ ಗೂಡು) ಬೇಕು ಅಂದರೆ ಪಟ್ಟಿ ಬಹಳ ಚಿಕ್ಕದಾಗುತ್ತದೆ. ನಾನು ಹುಡುಕಿದ್ದು ಅಂಥ ಜಾಗವನ್ನು. ಕೊನೆಗೆ ಬನಶಂಕರಿ ಕಡೆ ಒಂದು ಸಿಕ್ಕಿತು. ಅದರ ಬಗ್ಗೆ, ಅದಕ್ಕೂ ಮೊದಲು ನೋಡಿದ ಜಾಗಗಳ ಬಗ್ಗೆ ಬರೆಯುತ್ತಿದ್ದೇನೆ.

ನನ್ನ ಊರು ಬೆಳಗಾವಿ ಜಿಲ್ಲೆಯ ಖಾನಾಪುರ. ಹಂಚು, ಇಟ್ಟಿಗೆಗೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಅಲ್ಲೇ. ನಾನು ಮಾತ್ರ ಕಲಿತದ್ದು ಪಕ್ಕದ ಓಣಿಯ ಕಾಕಾ ಅವರ ಅಂಗಳದಲ್ಲಿ. ಕೆಂಪು ಮಣ್ಣು, ಹಣತೆ, ಕುಡಿಕೆ, ಹೂಕುಂಡ. ಆಫೀಸಿನವರು ಬೆಂಗಳೂರಿಗೆ ವರ್ಗ ಮಾಡಿದಾಗ ಮನೆ ಹುಡುಕಿದಷ್ಟೇ ಆಸ್ಥೆಯಿಂದ ಮಣ್ಣಿನ ಕೆಲಸಕ್ಕೆ ಜಾಗ ಹುಡುಕಿದೆ.

ಮೊದಲು ಕೆಫೆಗಳಲ್ಲಿ ನಡೆಯುವ ವಾರಾಂತ್ಯದ ವರ್ಕ್‌ಶಾಪ್ ಬಗ್ಗೆ. ಎರಡು ತಾಸು, ಒಂದು ಏಪ್ರನ್, ಒಂದು ಕಾಫಿ. ನಾನು ಕೊಟ್ಟದ್ದು ಎರಡು ಸಾವಿರದ ಹತ್ತಿರ. ನಿಮ್ಮ ಕೈ ಮೇಲೆ ಅವರ ಕೈ ಇಟ್ಟು ಒಂದು ಬಟ್ಟಲು ಎಬ್ಬಿಸಿಕೊಡುತ್ತಾರೆ. ಬುಡ ಕೆತ್ತುವುದು, ಸುಡುವುದು, ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಾಕುವುದು ಎಲ್ಲ ಅವರದೇ ಕೆಲಸ. ಕೆಲವು ವಾರ ಬಿಟ್ಟು ಹೋಗಿ ತರಬೇಕು. ಮಕ್ಕಳನ್ನು ಕರೆದುಕೊಂಡು ಹೋಗಿ, ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿ, ಚೆನ್ನಾಗಿರುತ್ತದೆ. ಮಣ್ಣು ಒಮ್ಮೆ ಕೈಗೆ ಹತ್ತಿದರೆ ಮತ್ತೆ ಬೇಕು ಅನಿಸುತ್ತದೆ, ಆ ರುಚಿ ಹತ್ತಿಸುವ ಕೆಲಸವನ್ನು ಇವು ಚೆನ್ನಾಗಿ ಮಾಡುತ್ತವೆ. ಕಲಿಯಬೇಕು ಅನ್ನುವವರಿಗೆ ಮಾತ್ರ ಇಲ್ಲಿ ಮುಂದಿನ ಮೆಟ್ಟಿಲು ಇಲ್ಲ.

ಆಮೇಲೆ ಒಂದು ಸ್ಟುಡಿಯೋದಲ್ಲಿ ಮೆಂಬರ್‌ಶಿಪ್ ತೆಗೆದುಕೊಂಡೆ. ಹೆಸರು ಬೇಡ. ಒಳಗೆ ಬೆಳಕು ಚೆನ್ನಾಗಿತ್ತು, ವೀಲ್‌ಗಳು ಹೊಸವು. ಆದರೆ ಕಿಲ್ನ್ ಅವರದ್ದಲ್ಲ. ಹಸಿ ಮಡಕೆಗಳನ್ನು ಟೆಂಪೋದಲ್ಲಿ ಬೇರೆಯವರ ಕಿಲ್ನ್‌ಗೆ ಒಯ್ಯುತ್ತಿದ್ದರು. ಒಣಗಿದ, ಇನ್ನೂ ಸುಡದ ಮಡಕೆಯಷ್ಟು ನಾಜೂಕಾದ ವಸ್ತು ಇನ್ನೊಂದಿಲ್ಲ. ಬೆಂಗಳೂರಿನ ರಸ್ತೆ ಹೇಗಿದೆ ಗೊತ್ತಲ್ವಾ? ನನ್ನ ಬಟ್ಟಲುಗಳ ಅಂಚು ಒಡೆದು ಬಂದವು. ಸುಡುವ ದಿನ ಯಾವುದು ಎಂದು ಕೇಳಿದರೆ ಪ್ರತಿ ಸಲ ಮುಂದಿನ ವಾರ ಅನ್ನುತ್ತಿದ್ದರು. ಈ ಗ್ಲೇಜ್ ಹಾಕಿದ ಬಟ್ಟಲಲ್ಲಿ ಮೊಸರು ಹಾಕಬಹುದಾ ಎಂದು ಕೇಳಿದರೆ ಅದರಲ್ಲಿ ಏನಿದೆ ಎಂದು ಹೇಳುವವರೇ ಇರಲಿಲ್ಲ. ಸಂಜೆ ಒಣ ಪೊರಕೆಯಲ್ಲಿ ನೆಲ ಗುಡಿಸುತ್ತಿದ್ದರು. ಇದು ಸಣ್ಣ ವಿಷಯ ಅಲ್ಲ. ಒಣ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಹಾಳಾಗುತ್ತದೆ. ಮಣ್ಣಿನ ಕೆಲಸದ ಜಾಗವನ್ನು ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಅವಧಿ ಮುಗಿದ ಮೇಲೆ ನಾನು ಮತ್ತೆ ದುಡ್ಡು ಕಟ್ಟಲಿಲ್ಲ.

ಈಗ ಹೋಗುತ್ತಿರುವುದು ಒಂದು ಮನೆಯ ನೆಲಮಹಡಿ. ಬನಶಂಕರಿ ಮೆಟ್ರೋ ನಿಲ್ದಾಣದಿಂದ ನಡೆದು ಹೋಗಬಹುದು. ಹತ್ತು ಕೆಜಿ ಮಣ್ಣಿನ ಚೀಲ ಹೊತ್ತು ಬಸ್ ಬದಲಿಸಿದವರಿಗೆ ಇದರ ಬೆಲೆ ಗೊತ್ತು. ಬೋರ್ಡ್ ಇಲ್ಲ. ವೀಲ್ ಇರುವುದು ಆರು, ಈಗಲೇ ಕಾಯುವವರಿದ್ದಾರೆ, ಹೆಸರು ಹಾಕಬೇಡಿ ಎಂದು ನಡೆಸುವ ಮೇಡಂ ಕೇಳಿಕೊಂಡಿದ್ದಾರೆ. ಹಾಗಾಗಿ ಹಾಕಿಲ್ಲ. ಒಳ್ಳೆಯ ಸ್ಟುಡಿಯೋ ಹೇಗಿರುತ್ತದೆ ಎಂದು ತಿಳಿಯಲು ಮುಂದಿನ ಮಾತುಗಳು ಸಾಕು.

ಒಳಗೆ ಹೋದ ಕೂಡಲೇ ನನಗೆ ಕಂಡದ್ದು ಕಿಲ್ನ್ ಪಕ್ಕದ ಗೋಡೆಗೆ ತೂಗುಹಾಕಿದ ಒಂದು ನೋಟ್‌ಬುಕ್. ಪ್ರತಿ ಸಲ ಸುಟ್ಟದ್ದರ ಲೆಕ್ಕ ಅದರಲ್ಲಿದೆ. ತಾರೀಕು, ಯಾವ ಮಣ್ಣು, ಎಷ್ಟು ಹೊತ್ತಿಗೆ ಎಷ್ಟು ಶಾಖ, ಏನು ಒಡೆಯಿತು. ಒಡೆದದ್ದನ್ನೂ ಬರೆದಿದ್ದಾರೆ, ಏಕೆ ಒಡೆಯಿತು ಅನ್ನುವುದನ್ನೂ. ಪುಟಕ್ಕೆ ಪುಟ ಸುಟ್ಟ ಕೋನ್‌ಗಳನ್ನು ಟೇಪ್ ಹಾಕಿ ಅಂಟಿಸಿದ್ದಾರೆ. ಕೋನ್ ಅಂದರೆ ಬೆರಳುದ್ದದ ಚೂಪು ಕಡ್ಡಿ. ತಕ್ಕ ಶಾಖ ತಕ್ಕಷ್ಟು ಹೊತ್ತು ಸಿಕ್ಕಾಗ ಅದು ಬಾಗುತ್ತದೆ. ಮೀಟರ್ ಒಂದು ಅಂಕಿ ತೋರಿಸಬಹುದು, ಮಡಕೆಗೆ ನಿಜವಾಗಿ ಏನು ತಟ್ಟಿತು ಅನ್ನುವುದನ್ನು ಹೇಳುವುದು ಕೋನ್. ಆ ನೋಟ್‌ಬುಕ್ ನೋಡಿದ ಮೇಲೆ ನಾನು ಫೀಸ್ ಕೇಳಿದ್ದು.

ಇಲ್ಲಿ ಎರಡು ಸಲ ಸುಡುತ್ತಾರೆ. ಮೊದಲನೆಯದು ಬಿಸ್ಕ್, ಸುಮಾರು 1000 ಡಿಗ್ರಿ. ಗ್ಲೇಜ್ ಹಾಕಿ ಎರಡನೆಯದು ಸುಮಾರು 1220 ಡಿಗ್ರಿ. ಮಣ್ಣಿನಲ್ಲಿರುವ ಕ್ವಾರ್ಟ್ಸ್ 573 ಡಿಗ್ರಿಯಲ್ಲಿ ಒಮ್ಮೆಗೇ ಹಿಗ್ಗುತ್ತದೆ, ಇಳಿಯುವಾಗ ಅಲ್ಲೇ ಕುಗ್ಗುತ್ತದೆ. ಆ ಹಂತವನ್ನು ನಿಧಾನಕ್ಕೆ ದಾಟಿಸಬೇಕು. ಆತುರದಲ್ಲಿ ಬಾಗಿಲು ತೆಗೆದರೆ ಮಡಕೆ ಠಣ್ ಎಂದು ಸೀಳುತ್ತದೆ. ಮೇಡಂ ಪೂರ್ತಿ ಆರುವವರೆಗೆ ಮುಟ್ಟಲು ಬಿಡುವುದಿಲ್ಲ, ಯಾರು ಎಷ್ಟೇ ಕೇಳಿದರೂ. ನನಗೆ ಇದು ಬಹಳ ಇಷ್ಟ.

ಖಾನಾಪುರದಿಂದ ನಾನು ಒಂದು ಚೀಲ ಕೆಂಪು ಮಣ್ಣು ತಂದಿದ್ದೆ. ಮೇಡಂ ಮುಟ್ಟಿ ನೋಡಿದರು, ಸ್ವಲ್ಪ ನಾದಿ ನೋಡಿದರು. "ಇದನ್ನ 1220ಕ್ಕೆ ಹಾಕಿದ್ರೆ ಉಬ್ಬಿ ಕರಗುತ್ತೆ, ನನ್ನ ಕಿಲ್ನ್ ಶೆಲ್ಫ್ ಹಾಳಾಗುತ್ತೆ. ಬಿಸ್ಕ್ ಜೊತೆ ಹಾಕೋಣ ರೀ, ಅಷ್ಟು ಸಾಕು ಇದಕ್ಕೆ" ಅಂದರು. ಮೊದಲು ಒಂದು ಚಿಕ್ಕ ತುಂಡು ಸುಟ್ಟು ನೋಡಿ, ಆಮೇಲೆ ಕುಡಿಕೆಗಳನ್ನು ಇಟ್ಟರು. ಹೊರಗಿನ ಮಣ್ಣು ತರಬೇಡಿ ಎಂದು ಬೇರೆ ಕಡೆ ಒಂದೇ ಮಾತಿನಲ್ಲಿ ಹೇಳಿದ್ದರು. ಅವರದ್ದೂ ತಪ್ಪಲ್ಲ, ಗೊತ್ತಿಲ್ಲದ ಮಣ್ಣು ಕಿಲ್ನ್ ಒಳಗೆ ಅಪಾಯವೇ. ಆದರೆ ಮಣ್ಣಿನ ಗುಣ ಗೊತ್ತಿರುವವರು ದಾರಿ ಹುಡುಕುತ್ತಾರೆ.

ಕಲಿಸುವ ರೀತಿ ಗಟ್ಟಿ. 1971ರಲ್ಲಿ ರೇ ಮೀಕರ್ ಮತ್ತು ಡೆಬೋರಾ ಸ್ಮಿತ್ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರು ಮಾಡಿದರು. ದೇಶದ ಎಷ್ಟೋ ಸ್ಟುಡಿಯೋ ಕಲಾವಿದರು ಅಲ್ಲಿ ಪಳಗಿದವರು. ನಮ್ಮ ಮೇಡಂ ಅವರ ಗುರುಗಳೂ ಅಲ್ಲಿ ಕಲಿತವರು. ಮೊದಲ ತಿಂಗಳು ಇಲ್ಲಿ ಯಾರೂ ಏನನ್ನೂ ಮನೆಗೆ ಒಯ್ಯುವುದಿಲ್ಲ. ಮಣ್ಣು ನಾದುವುದು, ಅದನ್ನು ವೀಲ್ ನಡುವಿಗೆ ತರುವುದು, ನೇರ ಗೋಡೆಯ ಲೋಟ ಎಬ್ಬಿಸುವುದು, ಇಷ್ಟೇ. ಎಬ್ಬಿಸಿದ ಲೋಟವನ್ನು ತಂತಿಯಿಂದ ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ ಮುಂದಿಡುತ್ತಾರೆ. ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು, ಒಳಗೆ ಬೆರಳು ಎಲ್ಲಿ ನಿಂತಿತು, ಎಲ್ಲ ಕಾಣುತ್ತದೆ. ನನ್ನ ಲೋಟಗಳು ನೋಡಲು ನೆಟ್ಟಗಿರುತ್ತಿದ್ದವು. ಸೀಳಿದರೆ ಬುಡದ ಹತ್ತಿರ ಒಂದು ಬೆರಳು ದಪ್ಪ ಮಣ್ಣು ಹಾಗೇ ಉಳಿದಿರುತ್ತಿತ್ತು. "ತಳ ಒತ್ತಿ. ನಡುವಿನಿಂದ ಹೊರಕ್ಕೆ, ಮತ್ತೆ ಒಳಕ್ಕೆ. ಒತ್ತದಿದ್ದರೆ ಒಣಗುವಾಗ ತಳದಲ್ಲಿ ಎಸ್ ಆಕಾರದ ಬಿರುಕು ಬರುತ್ತೆ" ಎಂದು ಅವರು ತಮ್ಮದೇ ಲೋಟ ಸೀಳಿ ತೋರಿಸಿದರು. ನೂರು ವಿಡಿಯೋ ನೋಡಿದರೂ ಸಿಗದ ಪಾಠ ಅದು. ಸೀಳಿದ ಮಣ್ಣು ಬಕೆಟ್‌ಗೆ ಹೋಗುತ್ತದೆ, ನೆನೆಯುತ್ತದೆ, ಮತ್ತೆ ಹದವಾಗಿ ನಮ್ಮ ಕೈಗೇ ಬರುತ್ತದೆ. ಸುಡುವವರೆಗೂ ಮಣ್ಣು ವ್ಯರ್ಥವಾಗುವುದಿಲ್ಲ.

ವೀಲ್‌ಗಳು ಎರಡೂ ಕಡೆ ತಿರುಗುತ್ತವೆ, ಎಡಗೈಯವರಿಗೆ ಅನುಕೂಲ. ಕೈ ತೊಳೆದ ನೀರು ನೇರ ಮೋರಿಗೆ ಹೋಗುವುದಿಲ್ಲ. ಮೂರು ಬಕೆಟ್ ಸಾಲಾಗಿವೆ, ಕೆಸರು ತಳಕ್ಕಿಳಿದ ಮೇಲೆ ಮೇಲಿನ ತಿಳಿ ಮಾತ್ರ ಚೆಲ್ಲುತ್ತಾರೆ. ಮನೆಯಲ್ಲಿ ವೀಲ್ ಇಡುವ ಯೋಚನೆ ಇದ್ದರೆ ಈ ಏರ್ಪಾಟನ್ನು ಗಮನಿಸಿ. ಅಪಾರ್ಟ್‌ಮೆಂಟ್ ಪೈಪಿನಲ್ಲಿ ಮಣ್ಣು ಕಟ್ಟಿಕೊಂಡರೆ ಇಡೀ ಬ್ಲಾಕ್ ನಿಮ್ಮ ಬಾಗಿಲಿಗೆ ಬರುತ್ತದೆ.

ಗ್ಲೇಜ್ ವಿಚಾರಕ್ಕೆ ಬಂದರೆ ಆಯ್ಕೆ ಕಡಿಮೆ. ಬಿಳಿ, ಹಸಿರು, ಕಂದು, ಒಂದು ಮಸುಕು ನೀಲಿ, ಅಷ್ಟೇ. ಬಣ್ಣ ಬಣ್ಣದ್ದು ಬೇಕು ಅನ್ನುವವರಿಗೆ ಬೇಸರವಾಗಬಹುದು. ಆದರೆ ಪ್ರತಿ ಡಬ್ಬದ ಮೇಲೆ ಏನೇನು ಎಷ್ಟೆಷ್ಟು ಹಾಕಿದ್ದಾರೆ ಎಂದು ಬರೆದಿದೆ. ಸೀಸ ಇಲ್ಲ. ಸುಟ್ಟು ಬಂದ ಹೊಸ ಗ್ಲೇಜ್ ಮೇಲೆ ನಿಂಬೆಹಣ್ಣಿನ ಹೋಳು ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಬಣ್ಣ ಮಾಸಿದೆಯಾ ನೋಡುತ್ತಾರೆ. ಮಾಸಿದರೆ ಅದು ಹೂಕುಂಡಕ್ಕೆ ಮಾತ್ರ. ದಿನಾ ಹುಳಿ, ಸಾರು, ಉಪ್ಪಿನಕಾಯಿ ತಿನ್ನುವ ನಮಗೆ ಈ ಪರೀಕ್ಷೆ ಬೇಕೇ ಬೇಕು.

ಕೊರತೆಗಳೂ ಇವೆ. ಕಿಲ್ನ್ ಒಳಗಿನ ಜಾಗ ಒಂದೂವರೆ ಅಡಿ, ದೊಡ್ಡ ಹೂಜಿ ಮಾಡುವಂತಿಲ್ಲ. ಭಾನುವಾರ ಮಕ್ಕಳ ಬ್ಯಾಚ್ ಇರುತ್ತದೆ, ಮೆಂಬರ್‌ಗಳಿಗೆ ವೀಲ್ ಸಿಗುವುದು ಮಧ್ಯಾಹ್ನದ ಮೇಲೆ. ಕಾರ್ ನಿಲ್ಲಿಸಲು ಜಾಗವಿಲ್ಲ. ಮಳೆಗಾಲದಲ್ಲಿ ಎಲ್ಲ ತಡ. ಜುಲೈ ಗಾಳಿಯಲ್ಲಿ ಮಡಕೆ ಒಣಗುವುದೇ ಇಲ್ಲ, ಒದ್ದೆ ಉಳಿದದ್ದನ್ನು ಸುಟ್ಟರೆ ಒಳಗಿನ ಆವಿಗೆ ಸಿಡಿದು ಪಕ್ಕದವರ ಮಡಕೆಯನ್ನೂ ಒಡೆಯುತ್ತದೆ. ಇದನ್ನು ಮೇಡಂ ಸೇರುವಾಗಲೇ ಹೇಳುತ್ತಾರೆ. ಇನ್ನೊಂದು: ಇಲ್ಲಿನ ಮಣ್ಣು ಸುಟ್ಟ ಮೇಲೆ ನೂರಕ್ಕೆ ಹನ್ನೆರಡರಷ್ಟು ಕುಗ್ಗುತ್ತದೆ. ನಮ್ಮ ಕೆಂಪು ಮಣ್ಣಿನ ಲೆಕ್ಕ ನಡೆಯುವುದಿಲ್ಲ. ಫಿಲ್ಟರ್ ಕಾಫಿಯ ಲೋಟ ಬೇಕಾದರೆ ಹಸಿಯಲ್ಲಿ ಚಹಾ ಮಗ್‌ನಷ್ಟು ಮಾಡಬೇಕು.

ಫೀಸ್ ನನಗೆ ತಿಂಗಳಿಗೆ ನಾಲ್ಕೂವರೆ ಸಾವಿರ. ವೀಲ್, ಉಪಕರಣ, ಒಂದು ಹಲಗೆ ಇದರಲ್ಲಿ ಸೇರಿದೆ. ಮಣ್ಣು ಬೇರೆ, ಸುಡುವುದಕ್ಕೆ ತೂಕದ ಮೇಲೆ ಬೇರೆ. ನನ್ನ ಸಂಬಳಕ್ಕೆ ಇದು ಸುಲಭದ ದುಡ್ಡಲ್ಲ. ಆದರೂ ಎಲ್ಲಿ ಹೋಗುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ಯಾವ ಸ್ಟುಡಿಯೋಗೆ ಸೇರುವ ಮೊದಲೂ ಇಷ್ಟು ಕೇಳಿ: ಕಿಲ್ನ್ ನಿಮ್ಮದೇನಾ, ತಿಂಗಳಿಗೆ ಎಷ್ಟು ಸಲ ಹಚ್ಚುತ್ತೀರಿ, ಒಡೆದರೆ ದುಡ್ಡು ಯಾರದು, ಗ್ಲೇಜ್‌ನಲ್ಲಿ ಏನಿದೆ. ನೇರ ಉತ್ತರ ಬರದಿದ್ದರೆ ಚಂದದ ಗೋಡೆ, ಚಂದದ ಫೋಟೋ ನೋಡಿ ಸೇರಬೇಡಿ.

ಪಾಟರಿ ಟೌನ್ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. ಬೆನ್ಸನ್ ಟೌನ್ ಪಕ್ಕ, ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಹತ್ತಿರ. ಮೆಟ್ರೋದ ಗುಲಾಬಿ ಮಾರ್ಗದಲ್ಲಿ ಒಂದು ನಿಲ್ದಾಣಕ್ಕೂ ಇದೇ ಹೆಸರು ಇಟ್ಟಿದ್ದಾರೆ. ತಲೆಮಾರುಗಳಿಂದ ಕುಂಬಾರ ಕುಟುಂಬಗಳು ಇಲ್ಲಿ ಕೆಲಸ ಮಾಡುತ್ತಿವೆ. ಗಣೇಶನ ಮೂರ್ತಿ, ಹಣತೆ, ಹೂಕುಂಡ, ತಂದೂರಿ ಒಲೆ. ಸ್ಟುಡಿಯೋ ಹುಡುಕುವವರು ಈ ಜಾಗವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನು ಹೋದಾಗ ಒಬ್ಬ ಹಿರಿಯರು ದೊಡ್ಡ ಮುದ್ದೆಯನ್ನು ವೀಲ್ ಮೇಲಿಟ್ಟು ಅದರ ತುದಿಯಿಂದ ಹಣತೆ ಮೇಲೆ ಹಣತೆ ತೆಗೆದು ದಾರದಿಂದ ಕೊಯ್ಯುತ್ತಿದ್ದರು. "ಕೂತ್ಕೋಮ್ಮಾ, ನೋಡು" ಅಂದರು. ಕೂತೆ. ಒಂದು ಹಣತೆಗೂ ಇನ್ನೊಂದಕ್ಕೂ ಕೂದಲಷ್ಟು ವ್ಯತ್ಯಾಸ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನಗೂ ಬಿಟ್ಟುಕೊಟ್ಟರು. ಹೆಬ್ಬೆರಳು ಎಷ್ಟು ಒಳಗೆ ಹೋಗಬೇಕು ಎಂದು ತಮ್ಮ ಉಗುರಿನ ಮೇಲೆ ಗೆರೆ ತೋರಿಸಿ ಹೇಳಿದರು. ಹೋಗುವುದಾದರೆ ಗಣೇಶ ಚೌತಿ, ದೀಪಾವಳಿಗೆ ಮೊದಲಿನ ತಿಂಗಳುಗಳನ್ನು ಬಿಡಿ, ಅವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಕಲಿಸಿದರೆ ಎಷ್ಟು ಎಂದು ಕೇಳಿ ದುಡ್ಡು ಕೊಡಿ. ಕೆಫೆಯಲ್ಲಿ ಎರಡು ತಾಸಿಗೆ ಸಾವಿರಾರು ರೂಪಾಯಿ ಮಾತಿಲ್ಲದೆ ಕೊಡುವ ನಾವು ಇಲ್ಲಿ ಒಂದು ಹಣತೆಯ ಬೆಲೆಗೆ ಚೌಕಾಸಿ ಮಾಡುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕೈಚಳಕ ಇಲ್ಲೇ ಜಾಸ್ತಿ ಇದೆ.

ಸ್ವಂತ ವೀಲ್ ಕೊಂಡರಾಯಿತಲ್ಲ ಅನ್ನುವವರಿದ್ದಾರೆ. ವೀಲ್ ಕೊಳ್ಳಬಹುದು, ಬಾಲ್ಕನಿಯಲ್ಲಿ ಇಡಲೂಬಹುದು. ತೊಡಕಿರುವುದು ಸುಡುವುದರಲ್ಲಿ. ಕಿಲ್ನ್ ಎಳೆಯುವ ವಿದ್ಯುತ್ತಿಗೆ ಬಾಡಿಗೆ ಮನೆಯ ಕನೆಕ್ಷನ್ ಎಷ್ಟೋ ಸಲ ಸಾಲದು, ಮನೆ ಮಾಲೀಕರು ಒಪ್ಪುವುದೂ ಕಷ್ಟ. ಹಾಗಾಗಿ ಹೊರಗಿನವರ ಮಡಕೆ ಸುಟ್ಟುಕೊಡುವ ಸ್ಟುಡಿಯೋ ಹತ್ತಿರದಲ್ಲಿ ಇದೆಯಾ ಎಂದು ನೋಡಿಕೊಂಡ ಮೇಲೆ ವೀಲ್‌ಗೆ ದುಡ್ಡು ಹಾಕಿ.

ನಮ್ಮ ಸ್ಟುಡಿಯೋ ಸೋಮವಾರ ರಜೆ. ಮಿಕ್ಕ ದಿನ ಸಂಜೆ ಎಂಟೂವರೆಯವರೆಗೆ ತೆರೆದಿರುತ್ತದೆ, ಆಫೀಸ್ ಮುಗಿಸಿ ಹೋದರೂ ಒಂದು ತಾಸು ಕೆಲಸ ಆಗುತ್ತದೆ. ಉಗುರು ಕತ್ತರಿಸಿಕೊಂಡು ಹೋಗಿ, ಉಂಗುರ ಬಳೆ ತೆಗೆದಿಡಿ, ಒಂದು ಹಳೇ ಟವೆಲ್ ಒಯ್ಯಿರಿ.