ಹೊಸ ಸರ್ವರಿಗೆ ಡೇಟಾ ಹಾಕಿಸುವವರೇ, ರೋ (ಡೇಟಾದ ಸಾಲು) ಎಣಿಸಿ ದುಡ್ಡು ಕೊಡಬೇಡಿ

ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಕಂಪ್ಯೂಟರ್ ಲೆಕ್ಕ ನೋಡಿಕೊಳ್ಳುತ್ತೇನೆ. ಕಳೆದ ಸೀಸನ್ನಿಗೆ ಮುಂಚೆ ಹಳೇ ಮಷೀನಿನ ಮೈಎಸ್‌ಕ್ಯೂಎಲ್ (ಡೇಟಾಬೇಸ್ ಸಾಫ್ಟ್‌ವೇರ್) ಡೇಟಾ ಹೊಸ ಸರ್ವರಿಗೆ ಹಾಕೋಕೆ ನಮ್ಮ ಸಾಹುಕಾರರು ಹೊರಗಿನವರೊಬ್ಬರನ್ನು ಕರೆಸಿದರು. ಅವರು ರಾತ್ರೋರಾತ್ರಿ ಕೆಲಸ ಮುಗಿಸಿದರು. "ಅಲ್ಲಿ ಎಷ್ಟು ರೋ ಇತ್ತೋ ಇಲ್ಲೂ ಅಷ್ಟೇ ಇದೆ ಸಾರ್, ಟ್ಯಾಲಿ" ಅಂತ ತೋರಿಸಿದರು. ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಿ, ದುಡ್ಡು ಇಸ್ಕೊಂಡು ಹೋದರು.

ಬೆಳಗ್ಗೆ ಹರಾಜು ಮುಗಿದ ಮೇಲೆ ಪಟ್ಟಿ ಪ್ರಿಂಟ್ ತೆಗೆದೆವು. ಬಾಕ್ಸ್ ಎಷ್ಟು, ರೇಟು ಎಷ್ಟು, ಎಲ್ಲಾ ಸರಿ. ರೈತರ ಹೆಸರಿನ ಜಾಗದಲ್ಲಿ ಮಾತ್ರ ????????. ಊರಿನ ಜಾಗದಲ್ಲೂ ಅದೇ.

ಫೋನ್ ಮಾಡಿದರೆ "ಫಾಂಟ್ ಪ್ರಾಬ್ಲಂ, ನುಡಿ ಹಾಕ್ಕೊಳ್ಳಿ" ಅಂದರು. ಸುಳ್ಳು. ಫಾಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಖಾಲಿ ಚೌಕ ಕಾಣುತ್ತದೆ, ಪ್ರಶ್ನೆ ಚಿಹ್ನೆ ಅಲ್ಲ. ಹೆಸರಿನ ಕಾಲಂಗೆ ಹೆಕ್ಸ್ ಫಂಕ್ಷನ್ (ಒಳಗಿರೋ ಬೈಟ್‌ಗಳನ್ನು ಕೋಡ್ ರೂಪದಲ್ಲಿ ತೋರಿಸೋದು) ಹಾಕಿ ನೋಡಿದೆ. ಸಾಲಾಗಿ 3ಎಫ್, 3ಎಫ್, 3ಎಫ್. ಅದು ಪ್ರಶ್ನೆ ಚಿಹ್ನೆಯ ಕೋಡ್, ಅಂದರೆ ಒಳಗೆ ಇರೋದೇ ಪ್ರಶ್ನೆ ಚಿಹ್ನೆ. ಕನ್ನಡ ಉಳಿದಿದ್ದರೆ ಪ್ರತಿ ಅಕ್ಷರಕ್ಕೂ, ಗುಣಿತದ ಚಿಹ್ನೆಗೂ ಮೂರು ಬೈಟ್ ಇದ್ದು, ಇ0 ಬಿ2 ಅಥವಾ ಇ0 ಬಿ3 ಅಂತ ಶುರುವಾಗಬೇಕಿತ್ತು.

ಆಗಿದ್ದು ಇಷ್ಟು. ಹೊಸ ಸರ್ವರಿನಲ್ಲಿ ಹಾಕಿದ್ದು ಮೈಎಸ್‌ಕ್ಯೂಎಲ್ 5.7. ಅದರ ಸಪೋರ್ಟ್ 2023ರಲ್ಲೇ ಮುಗಿದಿದೆ, ಆ ಮಾತು ಬಿಡಿ. 8.0ಕ್ಕಿಂತ ಹಿಂದಿನ ಮೈಎಸ್‌ಕ್ಯೂಎಲ್‌ನಲ್ಲಿ ಕ್ಯಾರೆಕ್ಟರ್ ಸೆಟ್ (ಯಾವ ಅಕ್ಷರಗಳನ್ನು ಹೇಗೆ ಉಳಿಸಬೇಕು ಅನ್ನೋ ಪಟ್ಟಿ) ಹೇಳದೆ ಟೇಬಲ್ ಮಾಡಿದರೆ ಸಾಮಾನ್ಯವಾಗಿ ಲ್ಯಾಟಿನ್1 ಆಗುತ್ತದೆ, ಅದು ಇಂಗ್ಲಿಷ್‌ನಂಥ ಯುರೋಪಿನ ಭಾಷೆಗಳದ್ದು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಆದರೂ 5.7ರಲ್ಲಿ ಸ್ಟ್ರಿಕ್ಟ್ ಮೋಡ್ (ತಪ್ಪು ಡೇಟಾ ತಡೆಯೋ ಸೆಟ್ಟಿಂಗ್) ತಾನಾಗೇ ಆನ್ ಇರುತ್ತದೆ. ಕನ್ನಡ ಹಾಕೋಕೆ ಹೋದರೆ 1366 ಎರರ್ ಕೊಟ್ಟು ನಿಲ್ಲುತ್ತದೆ. ಇಲ್ಲೂ ನಿಂತಿತ್ತು, ಅವರು ಬಿಟ್ಟುಹೋದ ಲಾಗ್‌ನಲ್ಲಿ ಇದೆ. ಮುಂದಿನ ಸಾಲಿನಲ್ಲೇ ಎಸ್‌ಕ್ಯೂಎಲ್ ಮೋಡ್ ಖಾಲಿ ಮಾಡಿ ಆ ತಡೆಯನ್ನೇ ತೆಗೆದಿದ್ದಾರೆ! ಆಮೇಲೆ ಬರೀ ವಾರ್ನಿಂಗ್. ಯಾರು ಓದ್ತಾರೆ ಅದನ್ನ?

ಪ್ರತಿ ಅಕ್ಷರಕ್ಕೆ, ಗುಣಿತದ ಚಿಹ್ನೆಗೆ ಒಂದೊಂದು, ಒತ್ತಕ್ಷರಕ್ಕೆ ಎರಡು (ಅರ್ಧಾಕ್ಷರದ ಚಿಹ್ನೆಗೆ ಒಂದು, ಅಕ್ಷರಕ್ಕೆ ಒಂದು) ಪ್ರಶ್ನೆ ಚಿಹ್ನೆ ಬಿದ್ದಿದೆ. ಕೃಷ್ಣಪ್ಪ ಅಂದರೆ ಎಂಟು. ಮುನಿಯಪ್ಪ ಅಂದರೂ ಎಂಟು. ನಮ್ಮ ಕಡೆ ಈ ಹೆಸರುಗಳು ಎಷ್ಟಿವೆ ಅಂತ ಗೊತ್ತಲ್ವಾ? ಪ್ರೋಗ್ರಾಂ ಹೆಸರು ಮತ್ತು ಊರು ನೋಡಿ ಬಾಕಿ ಕೂಡಿಸುತ್ತಿತ್ತು. ಒಬ್ಬರ ಅಡ್ವಾನ್ಸ್ ಇನ್ನೊಬ್ಬರ ಪಟ್ಟಿಯಲ್ಲಿ ಕಡಿತವಾಯಿತು. ವೇಮಗಲ್ ಕಡೆಯ ಒಬ್ಬರು ಹಿರಿಯರು ಪಟ್ಟಿ ಹಿಡ್ಕೊಂಡು ಬಂದು, "ಏನಪ್ಪಾ, ನಾನು ತಗೊಳ್ಳದ ದುಡ್ಡು ಮುರ್ಕೊಂಡಿದ್ದೀರಲ್ಲ" ಅಂತ ಎಲ್ಲರ ಮುಂದೆ ಕೇಳಿದರು. ಫೋನ್ ನಂಬರ್ ಕಾಲಂ ಅಂಕಿಗಳಾದ್ದರಿಂದ ಉಳಿದಿತ್ತು. ಅದನ್ನೂ ಬಿಲ್ ಪುಸ್ತಕಗಳನ್ನೂ ಇಟ್ಟುಕೊಂಡು ಹೆಸರುಗಳನ್ನು ಮತ್ತೆ ಟೈಪ್ ಮಾಡಿದೆವು. ಸೀಸನ್ ಮಧ್ಯೆ.

ಈಗ ಕಾಲಂ ಅನ್ನು ಯುಟಿಎಫ್8ಎಂಬಿ4ಗೆ (ಕನ್ನಡವೂ ಹಿಡಿಸುವ ಕ್ಯಾರೆಕ್ಟರ್ ಸೆಟ್) ಬದಲಾಯಿಸಿದರೆ ಹೆಸರು ವಾಪಸ್ ಬರುತ್ತಾ ಅಂತ ಕೆಲವರು ಕೇಳಿದರು. ಬರಲ್ಲ. ಆದರೆ ನಿಮ್ಮಲ್ಲಿ ಪ್ರಶ್ನೆ ಚಿಹ್ನೆ ಬದಲು ವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಂಡರೆ ಬೈಟ್‌ಗಳು ಇನ್ನೂ ಉಳಿದಿರಬಹುದು. ಆಗ ನೇರ ಆಲ್ಟರ್ (ಕಾಲಂ ಬದಲಾಯಿಸೋ ಕಮಾಂಡ್) ಹೊಡೀಬೇಡಿ. ಟೇಬಲ್ ಕಾಪಿ ತೆಗೆದು, ಹೆಕ್ಸ್ ನೋಡಿ, ಮೊದಲು ಬೈನರಿಗೆ (ಬರೀ ಬೈಟ್ ಇಡೋ ಬಗೆ), ಆಮೇಲೆ ಯುಟಿಎಫ್8ಎಂಬಿ4ಗೆ ತಿರುಗಿಸಿ. ಇದನ್ನೂ ಕಾಪಿಯ ಮೇಲೆ ಮಾತ್ರ.

ಬೇರೆ ಡೇಟಾಬೇಸ್ ಇಟ್ಟುಕೊಂಡವರು ನಗಬೇಡಿ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಕಾಲಂ ಎನ್‌ವಾರ್ಕ್ಯಾರ್ (ಕನ್ನಡ ಹಿಡಿಸುವ ಬಗೆ) ಇದ್ದರೂ, ಕೈಯಲ್ಲಿ ಬರೆದ ಇನ್ಸರ್ಟ್‌ನಲ್ಲಿ (ಡೇಟಾ ಸೇರಿಸೋ ಕಮಾಂಡ್) ಹೆಸರಿನ ಮುಂದೆ ಎನ್ ಹಾಕದಿದ್ದರೆ ಸಾಮಾನ್ಯವಾಗಿ ಇದೇ ಪ್ರಶ್ನೆ ಚಿಹ್ನೆ. ಒರಾಕಲ್‌ನಲ್ಲಿ ವಾರ್ಕ್ಯಾರ್2 (ಅಕ್ಷರದ ಕಾಲಂ) ಅಳತೆ ಬೈಟಾ ಅಕ್ಷರವಾ ಅಂತ ಹೇಳದೆ ಬಿಟ್ಟರೆ ಸಾಮಾನ್ಯವಾಗಿ ಬೈಟ್ ಲೆಕ್ಕ. 20 ಅಂತ ಕೊಟ್ಟರೆ 24 ಬೈಟ್‌ನ ಕೃಷ್ಣಪ್ಪ ಹಿಡಿಸಲ್ಲ.

ಡೇಟಾ ಸಾಗಿಸೋಕೆ ಯಾರನ್ನಾದರೂ ಕರೆಸಿದರೆ, ಹತ್ತಿಪ್ಪತ್ತು ಕನ್ನಡ ಹೆಸರುಗಳ ಹೆಕ್ಸ್ ಎರಡೂ ಕಡೆ ತೆಗೆಸಿ, ಪಕ್ಕಪಕ್ಕ ಇಟ್ಟು ನೋಡಿ. ಶೋ ಕ್ರಿಯೇಟ್ ಟೇಬಲ್ (ಟೇಬಲ್ ಹೇಗೆ ಮಾಡಿದ್ದಾರೆ ಅಂತ ತೋರಿಸೋ ಕಮಾಂಡ್) ಕೊಟ್ಟು ಕ್ಯಾರೆಕ್ಟರ್ ಸೆಟ್ ಓದಿ. ಎಸ್‌ಕ್ಯೂಎಲ್ ಮೋಡ್ ಯಾರಾದರೂ ಮುಟ್ಟಿದ್ದಾರಾ ಕೇಳಿ. ಹಳೇ ಡಿಸ್ಕನ್ನು ಕನಿಷ್ಠ ಒಂದು ಸೀಸನ್ ನಿಮ್ಮ ಬೀರುವಿನಲ್ಲೇ ಇಟ್ಟುಕೊಳ್ಳಿ, ಕೊಂಡೊಯ್ಯೋಕೆ ಕೊಡಬೇಡಿ.