ಇಸಬ್‌ಗೋಲ್ ಹೊಟ್ಟು: ಸರಕು ಉತ್ತಮ, ಸೂಚನೆ ಸಾಲದು

72 ವರ್ಷದ ನಮ್ಮ ತಂದೆಯವರ ಮಲಬದ್ಧತೆಗೆ ವೈದ್ಯರು ಇಸಬ್‌ಗೋಲ್ ಹೊಟ್ಟನ್ನು ಸೂಚಿಸಿದ ಮೇಲೆ, ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯೊಂದರಿಂದ 100 ಗ್ರಾಂ ಪೊಟ್ಟಣ ತಂದೆವು. ಈಗ ಮೂರನೆಯ ಪೊಟ್ಟಣ ನಡೆಯುತ್ತಿದೆ. ಹೊಟ್ಟು ಬೆಳ್ಳಗಿದೆ, ಹಗುರವಾಗಿದೆ, ಕಸಕಡ್ಡಿಯಿಲ್ಲ.

ನನ್ನ ಆಕ್ಷೇಪವಿರುವುದು ಪೊಟ್ಟಣದ ಬರಹದ ಬಗ್ಗೆ. ನೀರಿನ ವಿಷಯ ಮೂಲೆಯಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿದೆ. ಮೊದಲ ದಿನ ತಂದೆಯವರು ಒಂದು ಚಮಚ ಹೊಟ್ಟನ್ನು ಹಾಗೆಯೇ ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿದರು. ಎದೆಯ ನಡುವೆ ಏನೋ ಸಿಕ್ಕಿಕೊಂಡಂತಾಗಿ ಬಹಳ ಹೊತ್ತು ಸಂಕಟಪಟ್ಟರು. ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದಲ್ಲಿ ತುತ್ತಿನ ಹಿಂಬದಿಯ ಸ್ನಾಯು ಬಿಗಿದು, ಮುಂಬದಿಯದು ಸಡಿಲಗೊಂಡು, ಆ ಅಲೆ ಹತ್ತು ಸೆಕೆಂಡಿನೊಳಗೇ ತುತ್ತನ್ನು ಜಠರಕ್ಕೆ ಮುಟ್ಟಿಸುತ್ತದೆ. ಆದರೆ ಒಣ ಹೊಟ್ಟು ದಾರಿಯಲ್ಲೇ ಉಬ್ಬಿ ಅಂಟಿಕೊಂಡರೆ ಆ ಅಲೆಯೂ ಸೋಲುತ್ತದೆ. ಮರುದಿನ ಒಂದು ಚಮಚವನ್ನು ದೊಡ್ಡ ಲೋಟದ ನೀರಿಗೆ ಕದಡಿ, ಗಟ್ಟಿಯಾಗುವ ಮೊದಲೇ ಕುಡಿಸಿದೆವು. ತಳದಲ್ಲಿ ಉಳಿದದ್ದು ಐದು ನಿಮಿಷದಲ್ಲಿ ಲೋಳೆಯಾಗಿ ಚಮಚಕ್ಕೆ ಮೆತ್ತಿಕೊಂಡಿತ್ತು.

ಈ ಲೋಳೆಯೇ ಹೊಟ್ಟಿನ ಗುಣ. ಅದು ತಾನಾಗಿ ಏನನ್ನೂ ತಳ್ಳುವುದಿಲ್ಲ; ಬಹುಪಾಲು ಜೀರ್ಣವಾಗದೆ ನೀರನ್ನು ಹಿಡಿದುಕೊಂಡು ದೊಡ್ಡ ಕರುಳನ್ನು ಸೇರಿ, ಮಲವನ್ನು ಮೆತ್ತಗೆ ಮಾಡಿ, ಕರುಳಿನ ಗೋಡೆಯನ್ನು ಹಿಗ್ಗಿಸುತ್ತದೆ. ಹಿಗ್ಗಿದ ಗೋಡೆಯೊಳಗಿನ ನರಜಾಲವೇ ಹಿಂದೆ ಸಂಕೋಚನವನ್ನೂ ಮುಂದೆ ಸಡಿಲಿಕೆಯನ್ನೂ ಉಂಟುಮಾಡುತ್ತದೆ. ಹೊರಗಿನ ನರಗಳನ್ನು ಕತ್ತರಿಸಿದರೂ ಸಣ್ಣ ಕರುಳು ಹೀಗೆ ವರ್ತಿಸುತ್ತದೆಂದು 1899ರಲ್ಲೇ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ನಾಯಿಗಳಲ್ಲಿ ತೋರಿಸಿದ್ದರು. ದೊಡ್ಡ ಕರುಳಿನಲ್ಲಿ ಮಲವನ್ನು ದೂರ ಸಾಗಿಸುವ ಬಲವಾದ ಅಲೆಗಳು ದಿನಕ್ಕೆ ಕೆಲವೇ ಬಾರಿ, ಹೆಚ್ಚಾಗಿ ಊಟತಿಂಡಿಯ ನಂತರ ಏಳುತ್ತವೆ. ಆದ್ದರಿಂದ ಬೆಳಗಿನ ತಿಂಡಿಯಾದ ಮೇಲೆ ಅವಸರವಿಲ್ಲದೆ ಶೌಚಕ್ಕೆ ಕೂರುವ ಅಭ್ಯಾಸವನ್ನೂ ತಂದೆಯವರಿಗೆ ಮಾಡಿಸಿದೆವು. ಮೂರನೆಯ ದಿನದಿಂದ ಗುಣ ಕಂಡಿತು.

ಅಂಗಡಿಯವರು ಇದರ ಪಕ್ಕದಲ್ಲೇ ಸೋನಾಮುಖಿ ಬೆರೆಸಿದ ಚೂರ್ಣವನ್ನಿಟ್ಟು, ಎರಡೂ ಒಂದೇ ಎಂದರು. ಒಂದಲ್ಲ: ಸೋನಾಮುಖಿಯು ಕರುಳನ್ನೇ ನೇರವಾಗಿ ಕೆರಳಿಸುತ್ತದೆ.

ನುಂಗಲು ತೊಂದರೆಯಿರುವವರೂ ಕರುಳಿನಲ್ಲಿ ಅಡಚಣೆಯಿರುವವರೂ ಇದನ್ನು ತೆಗೆದುಕೊಳ್ಳಬಾರದು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ನಮ್ಮ ಪೊಟ್ಟಣದ ಮೇಲಂತೂ ‘ಒಂದು ಚಮಚಕ್ಕೆ ಒಂದು ದೊಡ್ಡ ಲೋಟ ನೀರು’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.