ತಮ್ಮನಿಗೆ ಯಾವ ವಿಮೆ? ನಿರಾಮಯ, ಖಾಸಗಿ ಪಾಲಿಸಿ, ಆರೋಗ್ಯ ಕರ್ನಾಟಕ

ಅಪ್ಪನ ಕಚೇರಿಯ ಗುಂಪು ವಿಮೆಯಲ್ಲಿ ಮಕ್ಕಳಿಗೆ ಜಾಗವಿದ್ದದ್ದು 25 ವರ್ಷದವರೆಗೆ ಮಾತ್ರ. ಆಟಿಸಂ ಇರುವ ನನ್ನ ತಮ್ಮ ಆ ವಯಸ್ಸು ದಾಟಿದ ಮೇಲೆ ಮೂರು ಬಾಗಿಲು ತಟ್ಟಿದೆವು.

ಆಟಿಸಂನಂಥ ಅಂಗವೈಕಲ್ಯ ಇರುವವರಿಗಾಗಿ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ವಿಮೆ ಕಡಿಮೆ ಮೊತ್ತದ್ದು: ಸಿಗುವುದು ವರ್ಷಕ್ಕೆ ಹೆಚ್ಚೆಂದರೆ 1 ಲಕ್ಷ ರೂಪಾಯಿ. ಆದರೆ ವಯಸ್ಸಿನ ಮಿತಿಯಿಲ್ಲ, ಸೇರುವ ಮುನ್ನ ವೈದ್ಯಕೀಯ ತಪಾಸಣೆಯೂ ಇಲ್ಲ. ಆಸ್ಪತ್ರೆಯಲ್ಲಿ ಮಲಗದಿದ್ದರೂ ಔಷಧಿ, ರಕ್ತಪರೀಕ್ಷೆ, ಥೆರಪಿಗೆ ಹಣ ಸಿಗುತ್ತದೆ. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಗುಣ, ಏಕೆಂದರೆ ತಮ್ಮ ಆಸ್ಪತ್ರೆಗೆ ದಾಖಲಾಗುವುದು ಅಪರೂಪ, ಥೆರಪಿಯ ಖರ್ಚು ಮಾತ್ರ ತಿಂಗಳು ತಪ್ಪದು. ತೊಡಕೆಂದರೆ, ಪ್ರತಿ ಬಾಬ್ತಿಗೂ ಒಳಮಿತಿ ಇದೆ. ಮೊದಲು ನಾವೇ ಹಣ ಕೊಟ್ಟು, ಮೂಲ ಬಿಲ್ಲು ಕಳಿಸಿ, ಕಾಯಬೇಕು. ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಧ್ಯದಲ್ಲಿ ಸೇರಿದವರಿಗೂ ಅಷ್ಟೇ.

ಅಂಗವಿಕಲರಿಗೆ ಪ್ರತ್ಯೇಕ ಪಾಲಿಸಿ ಇರಲೇಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2023ರಲ್ಲಿ ಕಂಪನಿಗಳಿಗೆ ಹೇಳಿತು. ಅಂಥದ್ದೊಂದಕ್ಕೆ ಅರ್ಜಿ ಹಾಕಿದಾಗ ಕಂಪನಿಯವರು ಫೋನಿನಲ್ಲಿ ತಮ್ಮನೊಡನೆಯೇ ಮಾತನಾಡಬೇಕೆಂದು ಹಟ ಹಿಡಿದರು. ಕೇಳಿದ ಮಾತನ್ನೇ ತಿರುಗಿಸಿ ಹೇಳುವುದು ಅವನ ರೀತಿ. ‘ಸಕ್ಕರೆ ಕಾಯಿಲೆ ಇದೆಯೇ?’ ಎಂದದ್ದಕ್ಕೆ ‘ಸಕ್ಕರೆ ಕಾಯಿಲೆ ಇದೆ’ ಎಂದ. ಅದು ಹಾಗೆಯೇ ದಾಖಲಾಯಿತು! ಅಳಿಸಲು ವೈದ್ಯರ ಪತ್ರ, ಜೊತೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಕೊಟ್ಟ ಪಾಲಕತ್ವದ ಆದೇಶ ಎರಡನ್ನೂ ತೋರಿಸಬೇಕಾಯಿತು. ಹದಿನೆಂಟು ತುಂಬಿದ ಮೇಲೆ ಹೆತ್ತವರ ಸಹಿ ತಾನಾಗಿ ನಡೆಯುವುದಿಲ್ಲ. ಆ ಆದೇಶವನ್ನು ವಿಮೆಗಿಂತ ಮೊದಲೇ ಪಡೆದಿಡಿ. ಪಾಲಿಸಿಯ ಮೊತ್ತ ದೊಡ್ಡದು, ಕ್ಯಾಶ್‌ಲೆಸ್ ಇದೆ. ಥೆರಪಿಗೂ ಹಲ್ಲಿನ ಚಿಕಿತ್ಸೆಗೂ ಕಾಸು ಬಿಚ್ಚುವುದಿಲ್ಲ. ಅರಿವಳಿಕೆ ಕೊಡದೆ ಬಾಯಿ ತೆರೆಯದ ತಮ್ಮನಂಥವರಿಗೆ ಹಲ್ಲು ಸಣ್ಣ ಖರ್ಚಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ನಮ್ಮದು ಎಪಿಎಲ್, ಹಾಗಾಗಿ ಪ್ರತಿ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ. ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಸದ್ದು, ನೂಕುನುಗ್ಗಲು ತಡೆಯದವನನ್ನು ಸರದಿಯಲ್ಲಿ ನಿಲ್ಲಿಸುವುದು ನಮ್ಮಿಂದಾಗಲಿಲ್ಲ. ಬಿಪಿಎಲ್ ಕಾರ್ಡಿದ್ದರೆ ಮಾತ್ರ ಇದನ್ನೇ ಮೊದಲು ಹಿಡಿಯಿರಿ ಎನ್ನುತ್ತೇನೆ.

ನಾವು ನಿರಾಮಯ ಮತ್ತು ಖಾಸಗಿ ಪಾಲಿಸಿ ಎರಡನ್ನೂ ಉಳಿಸಿಕೊಂಡಿದ್ದೇವೆ. ಒಂದನ್ನೇ ಆರಿಸಬೇಕೆಂದರೆ ನಿರಾಮಯ. ಇನ್ನು ಅಮ್ಮನ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಿಲ್ಲನ್ನು ಅವಳದೇ ಪಾಲಿಸಿ ಭರಿಸಿತು. ಅವಳು ಹಾಸಿಗೆಯಲ್ಲಿದ್ದಾಗ ತಮ್ಮನನ್ನು ನೋಡಿಕೊಂಡವರ ಸಂಬಳಕ್ಕೆ ಯಾವ ವಿಮೆಯಲ್ಲೂ ಕಾಸಿರಲಿಲ್ಲ. ಅದಕ್ಕೆಂದೇ ಅಂಚೆ ಕಚೇರಿಯಲ್ಲಿ ಆರ್‌ಡಿ ಖಾತೆ ತೆರೆದಿದ್ದೇವೆ.